ಪ್ರಧಾನನ ಮಾತಿಗೆ ಬಾರಿಸಿದ ಹಲಗಿ

ಈ ವರ್ಷವೂ ಹೋಳಿ ಹುಣ್ಣಿಮೆಗೆ ಇನ್ನೂ ದಿನಗಳಿರುವಾಗಲೇ ಜತ್ತದ ನಮ್ಮ ಓಣಿಯ ಹುಡುಗರು ಹಲಗಿ ಕಾಯಿಸಲು ಶುರು ಮಾಡಿದರು. ನಾನು ಶಾಲೆಯಿಂದ ಬಂದು ಚಹಾಕ್ಕೆ ಇಟ್ಟಿದ್ದೆ. ಕಸಕಡ್ಡಿಯ ಉರಿಗೆ ಹಿಡಿದ ಚರ್ಮದ ವಾಸನೆ ಅಡುಗೆಮನೆಯ ತನಕ ಬಂತು. ಸದ್ದಾದರೆ ಕಿಟಕಿ ಮುಚ್ಚಿ ತಡೆಯಬಹುದು, ವಾಸನೆಗೆ ಏನು ಮಾಡುವುದು? ಒಲೆ ಆರಿಸಿ ಕೂತುಬಿಟ್ಟೆ. ಮನೆಯ ಮಾಲಕಿ ಬಾಗಿಲಲ್ಲಿ ನಿಂತು ತಲೆ ನೋಯುತ್ತಿದೆಯೇ ಎಂದು ಕೇಳಿದರು. ಹೌದೆಂದೆ. ತಲೆನೋವು ಎಂದರೆ ಜನ ಮುಂದೆ ಕೇಳುವುದಿಲ್ಲ. ನನ್ನ ಮಟ್ಟಿಗೆ ಅದು ಬಹಳ ಉಪಕಾರದ ಬೇನೆ.

ನಾವು ವಳಸಂಗದ ಎಣ್ಣೆ ಗಿರಣಿಯವರು. ಮುತ್ತಜ್ಜ ಕೊಂಕಣದ ಕಡಲ ದಂಡೆ ಬಿಟ್ಟು, ಗಾಣದ ಎತ್ತುಗಳನ್ನು ಹೊಡೆದುಕೊಂಡು ಘಟ್ಟ ಹತ್ತಿ ಬಂದವನು. ಈ ಸೀಮೆಯ ಕುಸುಬಿ ಅವನನ್ನು ಇಲ್ಲೇ ನಿಲ್ಲಿಸಿಕೊಂಡಿತು. ಅವನ ಬೆನ್ನಿಗೆ ಇನ್ನೂ ನಾಲ್ಕಾರು ಮನೆಯವರು ಬಂದರು. ನಾವು ಯಹೂದಿಗಳು. ಆ ಶಬ್ದ ಊರಿಗೆ ಗೊತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಶನಿವಾರ ಗಾಣ ಹೂಡುವುದಿಲ್ಲ ಎಂದು ನಮ್ಮನ್ನು ಶನಿವಾರದ ತೇಲಿಗಳು, ಅಂದರೆ ಶನಿವಾರದ ಗಾಣಿಗರು, ಎಂದರು. ಶನಿದೇವರಿಗೆ ಎಣ್ಣೆ ಬೇಕಾದ ದಿನವೇ ಎಣ್ಣೆ ಅಂಗಡಿ ಮುಚ್ಚುವ ಜನ ಎಂದು ಊರು ನಮ್ಮನ್ನು ಕಾಡಿಸುತ್ತಿತ್ತು. ಊರು ಶುಕ್ರವಾರವೇ ಎಣ್ಣೆ ಒಯ್ದು ಇಟ್ಟುಕೊಳ್ಳುವುದನ್ನೂ ಕಲಿತಿತ್ತು.

ಹೋಳಿಯ ದಿನವೇ ನಮಗೂ ಒಂದು ಹಬ್ಬ. ನಮ್ಮ ಹಿರಿಯರು ಅದನ್ನೂ ಮರಾಠಿಯಲ್ಲಿ ಹೋಳಿಯ ಸಣ, ಹೋಳಿ ಹಬ್ಬ, ಎಂದೇ ಕರೆದರು. ಆ ಸಂಜೆ ಗಿರಣಿಯ ಅಂಗಳದಲ್ಲಿ ನಮ್ಮ ನಾಟಕ. ಅಜ್ಜ ಬರೆದದ್ದು, ಮಾತು ಕನ್ನಡ, ಹಾಡು ಮರಾಠಿ. ಪಾರಸ ದೇಶದ ದೊರೆ, ಅವನ ರಾಣಿ ನಮ್ಮ ಕುಲದವಳು, ಆದರೆ ಅದನ್ನು ಬಚ್ಚಿಟ್ಟಿದ್ದಾಳೆ. ಅವಳನ್ನು ಸಾಕಿದ ಹಿರಿಯನೊಬ್ಬ ಪ್ರಧಾನನಿಗೆ ತಲೆ ಬಾಗುವುದಿಲ್ಲ. ಆ ಸಿಟ್ಟಿಗೆ ಪ್ರಧಾನ ನಮ್ಮ ಕುಲವನ್ನೇ ಮುಗಿಸಲು ಹೊರಡುತ್ತಾನೆ. ನಡುವೆ ದೊರೆಗೆ ಹಿರಿಯನ ಮೇಲೆ ಮೆಚ್ಚಿಗೆಯಾಗಿ, ಅವನನ್ನು ಕುದುರೆಯ ಮೇಲೆ ಕೂಡಿಸಿ ಪ್ರಧಾನನೇ ಲಗಾಮು ಹಿಡಿದು ಮೆರೆಸಬೇಕು, ಅವನ ಹಿರಿಮೆಯನ್ನು ಸಾರಬೇಕು ಎಂದು ಅಪ್ಪಣೆಯಾಗುತ್ತದೆ. ಕೊನೆಗೆ ಪ್ರಧಾನನಿಗೆ ಗಲ್ಲು, ನಮಗೆ ಹೋಳಿಗೆ.

ಆ ಪ್ರಧಾನನಿಗೊಂದು ಹೆಸರಿದೆ. ಅದು ಯಾರ ಕಿವಿಗೂ ಬೀಳಬಾರದು, ಬಾಯಿಂದ ಬಂದ ಕೂಡಲೇ ಗದ್ದಲ ಮಾಡಿ ಅಳಿಸಬೇಕು ಎಂಬುದು ನಮ್ಮ ಕಟ್ಟಳೆ. ನಾನು ಇಲ್ಲಿ ಬರೆಯುವುದೂ ಇಲ್ಲ. ಊರವರಿಗೆ ಆ ಪರದೇಶಿ ಹೆಸರು ಹಿಡಿಯಲು ಬರುತ್ತಿರಲಿಲ್ಲವಾದ್ದರಿಂದ ಅಜ್ಜ ಒಂದು ಉಪಾಯ ಮಾಡಿದ. ಪ್ರಧಾನ ಕೈ ಎತ್ತಿದರೆ ಬಾರಿಸಿರಿ ಎಂದ. ಹೋಳಿಯ ದಿನ ವಳಸಂಗಕ್ಕೆ ಇದಕ್ಕಿಂತ ಚಲೋ ಅಪ್ಪಣೆ ಬೇಕೆ? ಕೈ ಎದ್ದಿತೆಂದರೆ ಹಲಗಿ, ತಗಡಿನ ಡಬ್ಬಿ, ಬಾಯಿ ಬಡಿದುಕೊಂಡು ಲಬೋ ಲಬೋ. ಕುದುರೆ ಮೆರವಣಿಗೆಯಲ್ಲಂತೂ ಪ್ರಧಾನ ಮೂರು ಸುತ್ತು ಕೈ ಎತ್ತಿ ಸಾರಬೇಕು. ಆ ಸಾರುವ ಮಾತನ್ನು ಊರು ಒಂದು ವರ್ಷವೂ ಕೇಳಿರಲಿಲ್ಲ.

ಪ್ರಧಾನ ಅಂದರೆ ನನ್ನ ಅಪ್ಪ, ಸಾಲೋಮನ್. ಹಿರಿಯ ಅಂದರೆ ಅಪ್ಪನ ತಮ್ಮ, ಬೆನ್ನೂ ಕಾಕಾ. ರಾಣಿ ಕಾಕಾನ ಮಗಳು ಡೈನಾ. ದೊರೆಯ ಪಾತ್ರ ಮಾತ್ರ ಊರಿನ ಶಿವಪ್ಪ ಸಾವಕಾರರದು, ಏಕೆಂದರೆ ಜರಿಯ ಶಾಲೂ ಅದನ್ನು ತಡೆಯುವ ಹೊಟ್ಟೆಯೂ ಅವರಲ್ಲೇ ಇದ್ದವು. ನಾನು ಪರದೆಯ ಹಿಂದೆ ಕೂತು ಮಾತು ಎತ್ತಿಕೊಡುವವಳು. ಹಾಗಾಗಿ ಎಲ್ಲರ ಮಾತೂ ನನಗೆ ಬಾಯಿಪಾಠ. ಸಣ್ಣವಳಿದ್ದಾಗ ಅಪ್ಪನನ್ನು ಕೇಳಿದ್ದೆ, ಯಾರಿಗೂ ಕೇಳಿಸದ ಮೇಲೆ ಆ ಮಾತನ್ನು ಗಂಟಲು ಹರಿಯುವಂತೆ ಯಾಕೆ ಹೇಳುತ್ತೀ, ಸುಮ್ಮನೆ ತುಟಿ ಆಡಿಸಬಾರದೇ ಎಂದು.

"ಯಾರರ ಕೇಳ್ಲಿ, ಬಿಡ್ಲಿ, ಮಾತು ಪೂರಾ ಹೇಳಬೇಕವಾ," ಎಂದಿದ್ದ ಅಪ್ಪ. "ಅರ್ಧಾ ಮಾತು ಪಾಪ."

ನಾನು ಹೇಳುತ್ತಿರುವ ವರ್ಷದ ಹೋಳಿಗೆ ಮುಂಚೆ ಐದಾರು ತಿಂಗಳಿಂದ ಅಪ್ಪ ಮತ್ತು ಕಾಕಾ ಮಾತು ಬಿಟ್ಟಿದ್ದರು. ಕಾಕಾ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಇಸ್ರೇಲಿಗೆ ಹೋಗುವುದೆಂದು ನಿಶ್ಚಯ ಮಾಡಿದ್ದ. ಫ್ಲೋರಾ ಕಾಕುವಿನ ತವರಿನವರೆಲ್ಲ ಎಂದೋ ಹೋಗಿಯಾಗಿತ್ತು. ಇಲ್ಲಿ ಮಕ್ಕಳಿಗೆ ನಮ್ಮೊಳಗಿನ ಸಂಬಂಧ ಸಿಗುತ್ತಿರಲಿಲ್ಲ. ನನ್ನನ್ನೇ ನೋಡಿರಿ, ಉಳಿದ ಗಂಡುಗಳೆಲ್ಲ ನನಗೆ ತಮ್ಮಂದಿರೇ ಆಗಬೇಕು, ನಾನು ಮರಾಠಿ ಟೀಚರಾಗಿಯೇ ಉಳಿದೆ. ಕಾಕಾನ ಲೆಕ್ಕ ತಪ್ಪಾಗಿರಲಿಲ್ಲ. ಆದರೆ ಅಪ್ಪನದು ಬೇರೆ ಲೆಕ್ಕ. ನಮ್ಮಲ್ಲಿ ಸತ್ತವರಿಗಾಗಿ ಹೇಳುವ ಪ್ರಾರ್ಥನೆಗೆ ಹತ್ತು ಗಂಡಸರು ನಿಲ್ಲಬೇಕು. ಹೆಂಗಸರು ಎಷ್ಟಿದ್ದರೂ ಸೊನ್ನೆ; ಮೀಸೆ ಚಿಗುರದ ಹುಡುಗ ಅಲ್ಲಿ ನನಗಿಂತ ದೊಡ್ಡ ಮನುಷ್ಯ. ವಳಸಂಗ, ಮುಚ್ಚಂಡಿ, ಜತ್ತ ಎಲ್ಲ ಕೂಡಿಸಿದರೂ ಸರಿಯಾಗಿ ಹತ್ತೇ ಉಳಿದಿದ್ದರು. ಅದರಲ್ಲಿ ಕಾಕಾ ಮತ್ತು ಅವನ ಇಬ್ಬರು ಗಂಡುಮಕ್ಕಳು.

ಜಗಳ ಗಿರಣಿಯ ಒಳಗೇ ಆಯಿತು. ಹಿಂಡಿಯ ಚೀಲಗಳ ನಡುವೆ ನಿಂತು ಅಪ್ಪ ಹೇಳಿದ ಮಾತು ಅವ್ವನ ಕಿವಿಗೂ ನನ್ನ ಕಿವಿಗೂ ಬಿತ್ತು.

"ಹೋಗೂದಾದ್ರ ಪೂರಾ ಹೋಗು. ನಾಳೆ ನನ್ನ ಮಣ್ಣಿಗೂ ಬರಬ್ಯಾಡ."

ನಮ್ಮ ಕಡೆ ಹಗೆಯವನ ಮಣ್ಣಿಗೂ ಜನ ಹೋಗುತ್ತಾರೆ. ಒಡಹುಟ್ಟಿದವನಿಗೆ ಮಣ್ಣಿಗೆ ಬರಬೇಡ ಎನ್ನುವುದಕ್ಕಿಂತ ದೊಡ್ಡ ಬೈಗುಳ ನಮ್ಮ ನುಡಿಯಲ್ಲಿಲ್ಲ. ಕಾಕಾ ಹೊರಗೆ ಹೋದ. ಒಂದೇ ಅಂಗಳ, ಒಂದೇ ಗೋಡೆ, ಒಂದೇ ನಳ, ಆದರೂ ಮಾತಿಲ್ಲ. ನಾಟಕದ ತಾಲೀಮು ಶುರುವಾದಾಗ ಅಣ್ಣತಮ್ಮಂದಿರು ಅಜ್ಜನ ಮಾತುಗಳನ್ನಷ್ಟೇ ಒಬ್ಬರಿಗೊಬ್ಬರು ಹೇಳಿ, ಮುಗಿದ ಕೂಡಲೇ ಬೇರೆ ಬೇರೆ ಬಾಗಿಲಿಂದ ಒಳಗೆ ಹೋಗುತ್ತಿದ್ದರು. ಹೋಳಿಯ ದಿನವಾದರೂ ಅಪ್ಪ ಆ ಮಾತನ್ನು ಹಿಂದಕ್ಕೆ ತೆಗೆದುಕೊಂಡಾನೆಂದು ಅವ್ವ ಕಾಯುತ್ತಿದ್ದಳು. ಕಾಕಾ ಅದಕ್ಕಿಂತ ಹೆಚ್ಚು ಕಾಯುತ್ತಿದ್ದ. ಮಿರಗಕ್ಕೆ, ಮುಂಗಾರು ಬೀಳುವ ಹೊತ್ತಿಗೆ, ಅವರ ಟಿಕೆಟ್ ಇತ್ತು.

ನಾಟಕದ ಸಂಜೆ ಬಿಸಿಲು ಇಳಿದಿತ್ತು, ನೆಲ ಇನ್ನೂ ಸುಡುತ್ತಿತ್ತು. ಹೊಸ ಕುಸುಬಿಯ ಚೀಲಗಳನ್ನು ಗೋಡೆಗೆ ಒತ್ತರಿಸಿ ಜನರಿಗೆ ಜಾಗ ಮಾಡಿದ್ದೆವು. ಮುಚ್ಚಂಡಿಯಿಂದ ಮದುವೆಯ ಕುದುರೆ ಬಂದಿತ್ತು. ಹಲಗಿಯ ಮಾರುತಿ ಎಲ್ಲರಿಗಿಂತ ಮುಂದೆ ಕೂತಿದ್ದ. ಅವನ ಅಜ್ಜ ನನ್ನ ಅಜ್ಜನ ನಾಟಕಕ್ಕೆ ಮೊದಲ ಹಲಗಿ ಬಾರಿಸಿದವನು. ಆಟ ಚಲೋ ನಡೆಯಿತು. ಸಾವಕಾರರು ಎಂದಿನಂತೆ ಮಾತು ಮರೆತು ಶಾಲು ಸರಿಮಾಡಿಕೊಂಡರು, ನಾನು ಎಂದಿನಂತೆ ಪರದೆಯ ಹಿಂದಿನಿಂದ ಅವರನ್ನು ರಾಜ್ಯಕ್ಕೆ ಮರಳಿಸಿದೆ.

ಕುದುರೆ ಮೆರವಣಿಗೆ ಬಂತು. ಕಾಕಾ ಮೇಲೆ, ಅಪ್ಪ ಕೆಳಗೆ ಲಗಾಮು ಹಿಡಿದು. ಅಪ್ಪ ಕೈ ಎತ್ತಿ ಸಾರಿದ, ಊರು ಬಾರಿಸಿತು. ಎರಡನೆಯ ಸುತ್ತಿನಲ್ಲಿ ಅಪ್ಪ ನಡುವೆಯೇ ನಿಂತ. ಅಲ್ಲಿ ನಿಲ್ಲುವುದು ಆಟದಲ್ಲಿಲ್ಲ. ಜನಕ್ಕೆ ಬೆನ್ನು ಮಾಡಿ ಕಾಕಾನ ಮುಖ ನೋಡಿ ಏನೋ ಹೇಳಿದ. ಅದು ಅಜ್ಜನ ಮಾತಲ್ಲ. ಅಜ್ಜನ ಮಾತಾಗಿದ್ದರೆ ತುಟಿ ನೋಡಿಯೇ ನನಗೆ ತಿಳಿಯುತ್ತಿತ್ತು. ಕಾಕಾ ಬಗ್ಗಿ ಕಿವಿ ಕೊಟ್ಟ, ಕೇಳಿಸಲಿಲ್ಲ. ಆಗ ಅಪ್ಪ ಜನರ ಕಡೆ ತಿರುಗಿ, ಗದ್ದಲ ನಿಲ್ಲಿಸಿರಿ ಎಂದು ಕೈ ಎತ್ತಿದ. ಪ್ರಧಾನನ ಕೈ ಎದ್ದರೆ ಏನು ಮಾಡಬೇಕೆಂದು ವಳಸಂಗಕ್ಕೆ ಮೂರು ತಲೆಮಾರಿನಿಂದ ಗೊತ್ತು. ಹಲಗಿ ಇಮ್ಮಡಿಯಾಯಿತು.

ಅಪ್ಪ ಇನ್ನೊಮ್ಮೆ ಕೈ ಎತ್ತಲು ನೋಡಿದ, ಅರ್ಧಕ್ಕೆ ಅದು ಇಳಿದುಹೋಯಿತು. ಮೊಣಕಾಲು ಮಡಚಿ ಕುದುರೆಯ ಕಾಲ ಬಳಿ ಬಿದ್ದ. ಖೊಟ್ಟಿ ಪ್ರಧಾನ ಬಿದ್ದನೆಂದು ಊರು ಕೇಕೆ ಹಾಕಿತು. ಕಾಕಾ ಮೇಲಿಂದ ಜಿಗಿದು, ನಿಲ್ಲಿಸ್ರಿ, ನಿಲ್ಲಿಸ್ರಿ ಎಂದು ಕೂಗುತ್ತಿದ್ದ, ಅದೂ ಯಾರಿಗೂ ಕೇಳಿಸಲಿಲ್ಲ. ನಾನು ಪರದೆ ಹರಿದು ಹೊರಗೆ ಬಂದಾಗ ಅಪ್ಪನ ಬಾಯಿ ಒಂದು ಕಡೆ ಜಗ್ಗಿತ್ತು. ಅದನ್ನು ಮೊದಲು ಕಂಡವನು ಮಾರುತಿ. ಅವನ ಕೈಯ ಕಡ್ಡಿ ಬಿತ್ತು. ಹಲಗಿ ನಿಂತ ಮೇಲೆ ಊರೂ ನಿಂತಿತು.

ಮಿರಜಿನ ದವಾಖಾನೆಯಲ್ಲಿ ಜೀವ ಉಳಿಯಿತು. ಬಲಗೈ ಸತ್ತಿತ್ತು, ಬಲಗಾಲು ಎಳೆಯುತ್ತಿತ್ತು. ಮಾತು ಹೋಗಿತ್ತು. ಡಾಕ್ಟರರು ಒಳ್ಳೆಯವರು, ಕೂಡಿಸಿ ತಿಳಿಸಿ ಹೇಳಿದರು. ಎದುರಿನವರ ಮಾತು ಅಪ್ಪನಿಗೆ ತಿಳಿಯುತ್ತದೆ, ಆದರೆ ತನ್ನ ಮಾತನ್ನು ಕಟ್ಟಲು ಆಗುವುದಿಲ್ಲ. ಹಿಂದೆ ಬಾಯಿಪಾಠ ಮಾಡಿದ್ದು ಏನಾದರೂ ಇದ್ದರೆ ಅದಷ್ಟು ಬರಬಹುದು. ಅದರ ಅರ್ಥ ಆಗ ನಮಗೆ ಆಗಲಿಲ್ಲ.

ಊರಿಗೆ ಬಂದ ಮೇಲಿನ ಮೊದಲ ಶುಕ್ರವಾರ ಬಂತು. ಅವ್ವ ಎಂದಿನಂತೆ ಒಣದ್ರಾಕ್ಷಿಯ ಮಣೂಕ ನೆನೆಹಾಕಿ ಹಿಂಡಿ ಶರಬತ್ತು ಮಾಡಿದಳು. ಅದರ ಬಟ್ಟಲು ಹಿಡಿದು ಶುಕ್ರವಾರದ ಪ್ರಾರ್ಥನೆ ಹೇಳುವುದು ಮನೆಯ ಹಿರಿಯನ ಕೆಲಸ. ಅಪ್ಪನ ಬದಲಿಗೆ ಕಾಕಾ ಹೇಳಲು ಶುರುಮಾಡಿದ. ಮಂಚದ ಮೇಲಿಂದ ಅಪ್ಪನೂ ಕೂಡಿಕೊಂಡ. ಒಂದು ಅಕ್ಷರ ತಪ್ಪದೆ, ಕೊನೆಯ ತನಕ. ಅವ್ವ ಅಳುತ್ತ ಮಾತು ಬಂತೆಂದು ಹೇಳಲು ಅಂಗಳಕ್ಕೆ ಓಡಿದಳು. ಕಾಕಾ ಬಟ್ಟಲು ಕೆಳಗಿಟ್ಟು ಅಣ್ಣನ ಮುಂದೆ ಕೂತ.

"ಅಣ್ಣಾ, ಅವತ್ತ ನನಗ ಏನಂದಿ?"

ಅಪ್ಪ ಬಾಯಿ ತೆರೆದ. ಬಹಳ ಹೊತ್ತು ತೆರೆದೇ ಇತ್ತು. ಕೊರಳಿನ ನರಗಳು ಎದ್ದವು, ಕಣ್ಣಲ್ಲಿ ನೀರು ಬಂತು. ಮಾತು ಬರಲಿಲ್ಲ.

ಆ ಬೇಸಿಗೆ ನೆನೆದರೆ ಈಗಲೂ ನನಗೆ ಸಿಟ್ಟು ಬರುತ್ತದೆ, ಯಾರ ಮೇಲೆ ಎಂದು ಮಾತ್ರ ಗೊತ್ತಿಲ್ಲ. ನೀರು ಬೇಕಾದರೆ ನೀರು ಎನ್ನಲು ಅಪ್ಪನಿಗೆ ಬರುತ್ತಿರಲಿಲ್ಲ. ಬಾಯಿಗೆ ಬರುತ್ತಿದ್ದದ್ದು ಪ್ರಾರ್ಥನೆ, ಇಲ್ಲವಾದರೆ ಪ್ರಧಾನನ ಮಾತು. ಬಾಯಾರಿ ಅವ್ವನ ಕಡೆ ಕೈ ಚಾಚಿ, "ಭಟರಿರಾ, ಇವರನ್ನು ಸೆರೆಮನೆಗೆ ನೂಕಿರಿ," ಎನ್ನುತ್ತಿದ್ದ. ಮೊದಲ ಸಲ ನಾವು ನಕ್ಕೆವು. ಅಪ್ಪನ ಮುಖ ನೋಡಿ ಆಮೇಲೆ ನಗಲಿಲ್ಲ. ತಾನು ಹೇಳಬೇಕೆಂದದ್ದು ಇದಲ್ಲ ಎಂದು ಅವನಿಗೆ ತಿಳಿಯುತ್ತಿತ್ತು. ಅವ್ವ ಮಾತ್ರ, ಆಯ್ತು ಪ್ರಧಾನರ, ಎಂದು ತಂಬಿಗೆ ತುಂಬಿ ತರುತ್ತಿದ್ದಳು.

ಕಾಕಾ ದಿನಾಲು ಬೆಳಿಗ್ಗೆ ಬಂದು ಅಪ್ಪನಿಗೆ ಮುಖ ತೊಳೆಸಿ, ಗಂಜಿ ಕುಡಿಸಿ ಹೋಗುತ್ತಿದ್ದ. ಸಾವಕಾರರ ಸೊಸೆ ಮೆರವಣಿಗೆಯನ್ನು ಪರದೆಯ ಬದಿಯಲ್ಲಿ ನಿಂತು ಮೊಬೈಲಿನಲ್ಲಿ ಹಿಡಿದಿದ್ದಳು. ಕಾಕಾ ಅದನ್ನು ತರಿಸಿಕೊಂಡು ಗಿರಣಿಯ ಕಟ್ಟೆಯ ಮೇಲೆ ಕೂತು ಮತ್ತೆ ಮತ್ತೆ ನೋಡುತ್ತಿದ್ದ. ಅಪ್ಪ ನಿಲ್ಲುತ್ತಾನೆ, ತಿರುಗುತ್ತಾನೆ, ತುಟಿ ಆಡುತ್ತದೆ. ಕೇಳುವುದು ಹಲಗಿ ಮಾತ್ರ. ಕಾಕಾ ಮಾರುತಿಯನ್ನು ಕೇಳಿದ, ಕುದುರೆಯವನನ್ನು ಕೇಳಿದ, ನನ್ನನ್ನು ಕೇಳಿದ. ಯಾರೂ ಕೇಳಿರಲಿಲ್ಲ. ಮಾರುತಿ ಆ ಮೇಲೆ ನಮ್ಮ ಅಂಗಳ ದಾಟುವಾಗ ತಲೆ ಎತ್ತುತ್ತಿರಲಿಲ್ಲ. ಅವನದೇನು ತಪ್ಪು? ಅಜ್ಜನ ಅಪ್ಪಣೆಯನ್ನು ಅವನಷ್ಟು ನಿಷ್ಠೆಯಿಂದ ನಾವೂ ಪಾಲಿಸಿದವರಲ್ಲ.

ಹೊರಡುವ ದಿನ ಹತ್ತಿರ ಬಂದಾಗ ಕಾಕಾ ಒಂದು ಮಧ್ಯಾಹ್ನ ಅಪ್ಪನ ಕಾಲ ಬಳಿ ಕೂತು ನೇರವಾಗಿ ಕೇಳಿಯೇಬಿಟ್ಟ.

"ನೀ ಬ್ಯಾಡ ಅಂದ್ರ ಹೋಗೂದಿಲ್ಲಣ್ಣಾ. ಮಣ್ಣಿಗಿ ಬರಬ್ಯಾಡ ಅಂದಿಯಲ್ಲ, ಆ ಮಾತ ಇಟಗೊಂಡು ನನಗ ಹೋಗಾಕ ಆಗೂದಿಲ್ಲ."

ಅಪ್ಪ ಎಡಗೈಯಿಂದ ಅವನ ಭುಜ ಹಿಡಿದ. ಏನೋ ಹೇಳಲು ಬಾಯಿ ತೆರೆದ. ಹೊರಗೆ ಬಂದದ್ದು ನಾಟಕದ ಎರಡನೆಯ ಅಂಕದ ಮಾತು.

"ನನಗೆ ತಲೆಬಾಗದವನ ಮನೆ ಮಣ್ಣಾಗಲಿ, ಹೆಸರು ಅಳಿಯಲಿ."

ಅದು ಅಜ್ಜನ ಮಾತೆಂದು ಕಾಕಾನಿಗೆ ನನ್ನಷ್ಟೇ ಗೊತ್ತು. ವರ್ಷ ವರ್ಷ ಅದನ್ನು ಎದುರು ನಿಂತು ಕೇಳಿದವನು ಅವನೇ. ಆದರೂ ಎದ್ದು ಹೋಗಿ ಗಿರಣಿಯ ಹಿಂದೆ ಗೋಡೆಗೆ ಹಣೆ ಹಚ್ಚಿ ಅತ್ತ. ಅಷ್ಟು ಮಾತುಗಳಿದ್ದವು, ಇದೇ ಯಾಕೆ ಬಂತು ಎಂದು ಅವನು ಅತ್ತರೆ ನಾನು ಏನು ಸಮಾಧಾನ ಹೇಳಲಿ? ಒಳಗೆ ಅಪ್ಪ ಎಡಗೈಯಿಂದ ತನ್ನ ಬಾಯಿಗೇ ಹೊಡೆದುಕೊಳ್ಳುತ್ತಿದ್ದ. ಅವ್ವ ಆ ಕೈ ಹಿಡಿದು ಕೂತಳು.

ಮಿರಗದ ಮೊದಲ ಮಳೆ ಬಿದ್ದ ಮರುದಿನ ಬೆಳಿಗ್ಗೆ ಕ್ರೂಸರ್ ಗಾಡಿ ಬಂತು. ಅಂಗಳ ಕೆಸರಾಗಿತ್ತು. ಊರಿನ ಜನ ಕಳಿಸಿಕೊಡಲು ಸೇರಿದ್ದರು, ಮಾರುತಿಯೂ ದೂರ ನಿಂತಿದ್ದ. ಚೀಲಗಳನ್ನು ಮೇಲೆ ಕಟ್ಟಿದ್ದಾಯಿತು. ಡೈನಾ ನನ್ನ ಕೊರಳು ಬಿಡಲೊಲ್ಲಳು. ಕಾಕಾ ಅಪ್ಪನ ಖುರ್ಚಿಯ ಮುಂದೆ ನಿಂತು, ನಮ್ಮವರ ರೂಢಿಯಂತೆ ಬೆರಳ ತುದಿಗೆ ಬೆರಳ ತುದಿ ಮುಟ್ಟಿಸಿ ತನ್ನ ತುಟಿಗೆ ಒತ್ತಿಕೊಂಡ. ಕಾಕಾ ಹೋಗಿ ಡ್ರೈವರನ ಪಕ್ಕ ಕೂತು ಬಾಗಿಲು ಹಾಕಿಕೊಂಡ.

ಆಗ ಅಪ್ಪ ಕೋಲು ಊರಿ ಎದ್ದ. ನಾನು ಹಿಡಿಯಲು ಹೋದರೆ ದೂಡಿದ. ಕಾಲು ಎಳೆಯುತ್ತ ಗಾಡಿಯ ತನಕ ಹೋಗಿ, ಕೋಲು ಅಲ್ಲೇ ಬಿಟ್ಟು, ಗಾಡಿಯ ಮುಂದಿನ ಕಂಬಿಯನ್ನು ಹಿಡಿದ. ಡ್ರೈವರ್ ಯಂತ್ರ ಆರಿಸಿದ. ಅಪ್ಪ ಜನರ ಕಡೆ ತಿರುಗಿ ಕಂಬಿ ಬಿಟ್ಟು ಎಡಗೈ ಎತ್ತಿದ.

ಆ ಕೈ ಎದ್ದ ಕೂಡಲೇ ಪಕ್ಕದ ಹುಡುಗನ ಕೈ ಅಭ್ಯಾಸದಿಂದ ಬಾಯಿಯ ಹತ್ತಿರ ಹೋಯಿತು, ಯಾರೋ ಅದನ್ನು ಹಿಡಿದು ಕೆಳಗಿಳಿಸಿದರು. ಊರಿಗೆ ಊರೇ ಸುಮ್ಮನಿತ್ತು. ಸೂರಿನ ನೀರು ತೊಟ್ಟಿಕ್ಕುವುದು ಕೇಳುತ್ತಿತ್ತು.

"ದೊರೆ ಮೆಚ್ಚಿದ ಪುರುಷನು ಬರುತಿಹನು, ದಾರಿ ಬಿಡಿರಿ," ಎಂದ ಅಪ್ಪ. "ಈತನ ಮಾನವೇ ಈ ಊರ ಮಾನವು."

ದನಿ ಮೊದಲಿನಷ್ಟು ದೊಡ್ಡದಿರಲಿಲ್ಲ, ಸ್ವಚ್ಛವಾಗಿತ್ತು. ಮೂರು ಸಲ ಸಾರಿದ. ಪ್ರಧಾನ ಹಲ್ಲು ಕಡಿದು ಹೇಳುವ ಮಾತು ಅದು, ಅಪ್ಪ ಹಲ್ಲು ಕಡಿಯಲಿಲ್ಲ. ತನ್ನಲ್ಲಿ ಉಳಿದಿದ್ದ ಮಾತುಗಳನ್ನೆಲ್ಲ ತಡಕಾಡಿ, ತಮ್ಮನಿಗೆ ಕೊಡುವಂಥದ್ದು ಒಂದೇ ಒಂದನ್ನು ಹುಡುಕಿ ತಂದಿದ್ದ. ಕಾಕಾ ಗಾಡಿ ಇಳಿದು ಬಂದು ಅಪ್ಪನನ್ನು ತಬ್ಬಿಕೊಂಡ. ಅವನ ಟೋಪಿ ಕೆಸರಿಗೆ ಬಿತ್ತು, ಅದನ್ನು ಯಾರೂ ಎತ್ತಲಿಲ್ಲ.

ಗಾಡಿ ಹೋದ ಮೇಲೆ ಮಾರುತಿ ನನ್ನ ಹತ್ತಿರ ಬಂದ.

"ಅಕ್ಕಾರ, ಇಷ್ಟು ವರ್ಷ ಸಾಹೇಬ್ರು ಹೇಳ್ತಿದ್ದ ಮಾತು ಇದೇನ್ರಿ?"

ಇದೇ ಎಂದೆ. ಅವನು ತಲೆ ತಗ್ಗಿಸಿ ಕೋಲನ್ನು ಎತ್ತಿ ಅಪ್ಪನ ಕೈಗೆ ಕೊಟ್ಟ.

ಅಪ್ಪ ದಸರೆಯ ಸುಮಾರಿಗೆ ನಿದ್ದೆಯಲ್ಲೇ ತೀರಿಕೊಂಡ. ನಮ್ಮಲ್ಲಿ ಹೆಣ ಇಟ್ಟುಕೊಂಡು ಕಾಯುವುದಿಲ್ಲ, ಅದೇ ದಿನ ಮಣ್ಣು. ಕಾಕಾ ಇದ್ದ ಕಡೆ ಆಗ ಯುದ್ಧ ಹತ್ತಿ ವಿಮಾನಗಳೇ ನಿಂತಿದ್ದವು. ಗಿರಣಿಯ ಹಿಂದಿನ ನಮ್ಮ ಮಣ್ಣಿನ ಜಾಗಕ್ಕೆ ಇಡೀ ಊರು ಬಂದಿತ್ತು, ನಮ್ಮ ಗಂಡಸರು ಮಾತ್ರ ಹತ್ತಾಗಲಿಲ್ಲ. ಮಣ್ಣಿಗೆ ಬಾರಿಸುವ ಊರಿನ ರೂಢಿಯ ಹಲಗಿಯನ್ನು ಮಾರುತಿ ತರಲಿಲ್ಲ. ಹತ್ತಾಗದೆ ಪ್ರಾರ್ಥನೆ ಹೇಳುವಂತಿಲ್ಲವೆಂದು ತಿಳಿದಾಗ ಸಾವಕಾರರು ಶಾಲು ತಲೆಯ ಮೇಲೆ ಹೊದ್ದು ಮುಂದೆ ಬಂದು, ನಮ್ಮನ್ನು ಲೆಕ್ಕಕ್ಕೆ ಹಿಡಿಯಲು ಬರುವುದಿಲ್ಲವೇ ಎಂದು ಮೆಲ್ಲಗೆ ಕೇಳಿದರು. ಬರುವುದಿಲ್ಲ ಎಂದು ಹ್ಯಾಗೆ ಹೇಳಲಿ? ಅಷ್ಟು ಹೊತ್ತಿಗೆ ಕಾಕಾನ ಫೋನ್ ಬಂತು.

"ಮಣ್ಣಿಗಿ ಬರಬ್ಯಾಡ ಅಂದಿದ್ದ," ಎಂದ ಕಾಕಾ. "ಅವನ ಮಾತ ನಡೀತ ನೋಡವಾ."

"ಇಲ್ಲ ಕಾಕಾ. ಆ ಮಾತ ಅಪ್ಪ ಹಿಂದಕ್ಕ ತಗೊಂಡಾನ. ಇಡೀ ವಳಸಂಗ ಕೇಳೇತಿ."

ಆಮೇಲೆ ಕಾಕಾ, ತಾನು ಪ್ರಾರ್ಥನಾ ಮಂದಿರದಲ್ಲೇ ಇದ್ದೇನೆ, ಗಂಡಸರು ಸೇರಿದ್ದಾರೆ, ಇಲ್ಲಿ ಹತ್ತಕ್ಕೆ ಬರವಿಲ್ಲ ಎಂದ. ಫೋನ್ ಇಡಬೇಡ ಎಂದ. ನಾನು ಅದರ ದನಿ ದೊಡ್ಡದು ಮಾಡಿ ಹಸಿ ಮಣ್ಣಿನ ಮೇಲೆ ಇಟ್ಟೆ. ಕಾಕಾನ ಒಡೆದ ಗಂಟಲು ಬಂತು, ಅದರ ಹಿಂದೆ ಕಾಣದ ಗಂಡಸರ ದನಿಗಳು ಬಂದವು. ವಳಸಂಗ ಅದರ ಒಂದು ಶಬ್ದವೂ ತಿಳಿಯದೆ ಕೈ ಕಟ್ಟಿಕೊಂಡು ನಿಂತಿತು. ಮಾತು ಪೂರಾ ಕೇಳಿಸಿತು.